ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್ ಆಯ್ತು, ಇನ್ನು ಯಾರನ್ನ ಕೇಳ್ಲಿ?

ಪ್ರಶ್ನೆ: ಜೇಮ್ಸ್ ಬ್ರೌನ್, ಬಿ.ಬಿ. ಕಿಂಗ್, ಹೆಂಡ್ರಿಕ್ಸ್ ಎಲ್ಲ ಕೇಳಿ ಆಗಿದೆ. ಆ್ಯಪ್ ಮತ್ತೆ ಮತ್ತೆ ಅದೇ ಹಾಡುಗಳನ್ನೇ ತಂದು ಮುಂದಿಡುತ್ತೆ. ಜಾಸ್ತಿ ಹೆಸರು ಮಾಡದ ಸೋಲ್, ಫಂಕ್, ಬ್ಲೂಸ್ (ಅಮೆರಿಕದ ಕಪ್ಪು ಜನರ ಸಂಗೀತ) ಮಂದಿ ಯಾರಿದ್ದಾರೆ? ನೀವೆಲ್ಲ ಹೇಗೆ ಹುಡುಕಿದ್ರಿ?

ಉತ್ತರಗಳು:

ಗುರು, ಹೊಸ ಲಿಸ್ಟ್ ಯಾಕೆ, ನಿನ್ ಹತ್ರ ಇರೋ ಜೇಮ್ಸ್ ಬ್ರೌನ್‌ನಿಂದಾನೇ ಶುರು ಮಾಡು, ಹಾಡಿದವ್ರನ್ನ ಬಿಟ್ಟು ಹಿಂದೆ ಕೂತು ನುಡಿಸಿದವ್ರು ಯಾರು ಅಂತ ನೋಡು. ನಂಗೆ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ಸಿಕ್ಕಿದ್ದು ಹಂಗೇನೇ. 1969ರಲ್ಲಿ ರೆಕಾರ್ಡ್ ಆದ 'ಫಂಕಿ ಡ್ರಮ್ಮರ್' ಹಾಕು, ಉದ್ದದ ವರ್ಷನ್, ಐದು ನಿಮಿಷ ದಾಟಿದ್ಮೇಲೆ ಬ್ರೌನ್ ಎಲ್ಲರನ್ನೂ ಸುಮ್ಮನಾಗಿಸಿ ಡ್ರಮ್ಮರ್ ಒಬ್ಬನಿಗೇ ಬಿಡ್ತಾನೆ, ಅದೂ ಸೋಲೋ ಗೀಲೋ ಬೇಡ, ಇದನ್ನೇ ಹೊಡೀತಿರು ಅಂತ. ಇಯರ್‌ಫೋನಲ್ಲಿ ಕೇಳು, ಸ್ನೇರ್ ಡ್ರಮ್ ಮೇಲೆ ಜೋರು ಏಟುಗಳ ಮಧ್ಯೆ ಕೇಳಿಸಿಯೂ ಕೇಳಿಸದ ಹಾಗೆ ಸಣ್ಣ ಸಣ್ಣ ತಟ್ಟು ಇರುತ್ತೆ, ಘೋಸ್ಟ್ ನೋಟ್ ಅಂತಾರೆ, ಮಜಾ ಇರೋದೇ ಅಲ್ಲಿ. ಈ ಒಂದಿಷ್ಟು ಸೆಕೆಂಡನ್ನ ಪಬ್ಲಿಕ್ ಎನಿಮಿ ಅನ್ನೋ ರ್ಯಾಪ್ ತಂಡದಿಂದ ಹಿಡ್ದು ಸಾವಿರಕ್ಕೂ ಹೆಚ್ಚು ಹಾಡುಗಳಲ್ಲಿ ಸ್ಯಾಂಪಲ್ ಮಾಡಿದಾರೆ, ಅಂದ್ರೆ ಕತ್ತರಿಸಿ ತಮ್ಮ ಹಾಡಿಗೆ ಸೇರಿಸ್ಕೊಂಡಿದಾರೆ. ಆದ್ರೆ ಹಾಡು ಬರೆದವನು ಅಂತ ಇರೋದು ಬ್ರೌನ್ ಹೆಸರು ಮಾತ್ರ, ಹಂಗಾಗಿ ರಾಯಲ್ಟಿ ಕ್ಲೈಡ್ ಕೈಗೆ ಬರ್ಲೇ ಇಲ್ಲ. ಆಮೇಲೆ ಮ್ಯಾಡಿಸನ್ ಊರಲ್ಲಿ ಸೆಟ್ಲ್ ಆಗಿ ಸೋಮವಾರ ರಾತ್ರಿ ಕ್ಲಬ್ಬಲ್ಲಿ ನುಡಿಸ್ಕೊಂಡಿದ್ದ, 2017ರಲ್ಲಿ ತೀರ್ಕೊಂಡ.

ಅದೇ ವರ್ಷ ತೀರಿಹೋದ ಇನ್ನೊಬ್ಬ ಉಂಟು ಮಾರಾಯ್ರೆ, ಚಾರ್ಲ್ಸ್ ಬ್ರ್ಯಾಡ್ಲಿ. ವರ್ಷಗಟ್ಟಲೆ ಅಡುಗೆ ಕೆಲಸ, ಮತ್ತೆ ರಾತ್ರಿ 'ಬ್ಲ್ಯಾಕ್ ವೆಲ್ವೆಟ್' ಅಂತ ಹೆಸರಿಟ್ಕೊಂಡು ಜೇಮ್ಸ್ ಬ್ರೌನ್ ವೇಷ ಹಾಕಿ ಹಾಡುವುದು. ಡ್ಯಾಪ್ಟೋನ್ ರೆಕಾರ್ಡ್ ಕಂಪನಿಯವರು ನೋಡಿ ಕರ್ಕೊಂಡು ಹೋಗಿ, 2011ರಲ್ಲಿ ಮೊದಲ ಆಲ್ಬಂ ಬರುವಾಗ ಅವನಿಗೆ 62. ಜೋರಾಗಿ ಇಟ್ರೆ ನಮ್ಮ ಮನೆಯಲ್ಲಿ ಇದೆಂತ ಬೊಬ್ಬೆ ಅಂತ ಬೈಗಳು ಬೀಳ್ತದೆ, ಆದ್ರೂ ಆ ಗಂಟಲಿಗೆ ಬೇರೆ ಸಾಟಿ ಇಲ್ಲ.

ನೋಡ್ರಿ, ಬ್ಲೂಸ್ ಅಂದ್ರ ಮೂರು ಕಾರ್ಡ್ (ಒಟ್ಟಿಗೆ ನುಡಿಸೂ ಸ್ವರದ ಗುಂಪು), ಹನ್ನೆರಡು ಬಾರ್ (ತಾಳದ ಸುತ್ತು) ಅಂತ ಎಲ್ಲಾರೂ ಹೇಳ್ತಾರ. ಜೂನಿಯರ್ ಕಿಂಬ್ರೋ ಕೇಳಿದ್ರ ಆ ಲೆಕ್ಕ ಎಲ್ಲಾ ತೆಲಿಕೆಳಗ ಆಗ್ತೈತಿ. ಉತ್ತರ ಮಿಸಿಸಿಪ್ಪಿ ಗುಡ್ಡದ ಸೀಮೆಯಾಂವ. ಒಂದ ಕಾರ್ಡ್ ಹಿಡಕೊಂಡು ಕುಂತ್ರ ಅಲ್ಲಿಂದ ಅಳ್ಳಾಡಂಗಿಲ್ಲ, ಹೆಬ್ಬಟ್ಟಿಲೆ ದಪ್ಪ ತಂತಿ ಗುಂಯ್ ಅನಿಸ್ಕೋತ ಇರ್ತಾನ, ಮ್ಯಾಲೆ ಹಾಡು ತನ್ನ ಪಾಡಿಗೆ ಹರೀತಿರ್ತೈತಿ. ತಂಬೂರಿ ಶ್ರುತಿ ಕೇಳಿ ಬೆಳದವ್ರಿಗೆ ಇದು ಲಗೂನ ಹಿಡಸ್ತೈತಿ. ಚುಲಹೋಮಾ ಅನ್ನೂ ಹಳ್ಳ್ಯಾಗ ತನ್ನದ ಒಂದು ಕುಣಿಯೂ-ಕುಡಿಯೂ ಅಡ್ಡಾ ಇಟ್ಟಿದ್ದ, ರವಿವಾರ ರಾತ್ರಿ ಅಲ್ಲೇ ಕಛೇರಿ. 'ಆಲ್ ನೈಟ್ ಲಾಂಗ್' ಆಲ್ಬಂ ಬಂದದ್ದು 1992ಕ್ಕ, ಇವನಿಗೂ ಅರವತ್ತು ದಾಟಿತ್ತು.

ಎಲ್ಲಾ ಗಂಡಸರದೇ ಆಯ್ತಲ್ಲ! ಸಿಸ್ಟರ್ ರೊಸೆಟಾ ಥಾರ್ಪ್ ಅಂತ ಹಾಕಿ ವಿಡಿಯೋ ನೋಡಿ ಮೊದ್ಲು. 1964, ಮ್ಯಾಂಚೆಸ್ಟರ್, ಟಿವಿಯವರು ಹಳೇ ರೈಲ್ವೆ ಸ್ಟೇಷನ್ನನ್ನೇ ಸ್ಟೇಜ್ ಮಾಡಿದ್ರು, ಈ ಪ್ಲಾಟ್‌ಫಾರ್ಮಲ್ಲಿ ಹಾಡೋರು, ಹಳಿ ದಾಟಿ ಆ ಕಡೆ ಜನ. ಮಳೆ ಬಂದಿದೆ, ಈಯಮ್ಮ ಕುದುರೆ ಗಾಡಿಲಿ ಬಂದಿಳಿದು, ಕೋಟ್ ಹಾಕ್ಕೊಂಡೇ ಬಿಳಿ ಗಿಟಾರ್ ನೇತಾಕ್ಕೊಂಡು ಮಳೆ ಹಾಡೇ ಶುರು ಮಾಡ್ತಾರೆ. ಮುಂದೆ ರಾಕ್ ಅಂತ ಕರೆದಿದ್ರಲ್ಲಿ ಎಷ್ಟೋ ಇವರು 1940ರ ದಶಕದಲ್ಲೇ ನುಡಿಸಿ ಆಗಿತ್ತು. ಫಂಕ್ ಬೇಕಂದ್ರೆ ಬೆಟ್ಟಿ ಡೇವಿಸ್. ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ಮಾಜಿ ಹೆಂಡ್ತಿ ಅಂತಾನೇ ಪರಿಚಯ ಮಾಡ್ಸೋದು ನಂಗಂತೂ ಆಗಲ್ಲ, ಹಾಡು ಬರೆದಿದ್ದು ತಾನೇ, ಎರಡನೇ ಆಲ್ಬಂನಿಂದ ಪ್ರೊಡ್ಯೂಸರೂ ತಾನೇ. 1973ರಿಂದ 75ರೊಳಗೆ ಬಂದ ಮೂರು ಆಲ್ಬಮ್ಮನ್ನೂ ಕೇಳಿ.

ರಾಕ್ ಬಿಟ್ಟೇ ಹೋಯ್ತು. ಡೆಟ್ರಾಯಿಟ್‌ನ 'ಡೆತ್', ಮೂರು ಜನ ಅಣ್ಣತಮ್ಮಂದಿರ ಬ್ಯಾಂಡು. ಹೆಸರು ಬದಲಾಯಿಸಿ ಅಂತ ರೆಕಾರ್ಡ್ ಕಂಪನಿ ದೊಡ್ಡೋರು ಹೇಳಿದ್ರೂ ಒಪ್ಪಲಿಲ್ಲ, 1975ರಲ್ಲಿ ರೆಕಾರ್ಡ್ ಮಾಡಿದ್ದು ಆಲ್ಬಂ ಆಗಿ ಬಂದಿದ್ದು 2009ಕ್ಕೆ.

ಮೊದ್ಲು ಹೇಳ್ದೋರ ಮಾತಿಗೆ ನಂದೂ ಒಂದು ಸೇರಿಸ್ತೀನಿ: ಜೇಮ್ಸ್ ಜೇಮರ್‌ಸನ್. ಮೋಟೌನ್ ಅನ್ನೋ ರೆಕಾರ್ಡ್ ಕಂಪನಿಯ ಹಿಟ್‌ಗಳಲ್ಲಿ ಎಷ್ಟೋ ಹಾಡಿನ ಬೇಸ್ ಗಿಟಾರ್ ಇವನದೇ, ಬಲಗೈ ತೋರುಬೆರಳು ಒಂದರಲ್ಲೇ ಮೀಟ್ತಿದ್ದ. ವರ್ಷಗಟ್ಟಲೆ ಕವರ್ ಮೇಲೆ ಹೆಸರೇ ಹಾಕಿರ್ಲಿಲ್ಲ. ಫೋನ್ ಸ್ಪೀಕರಲ್ಲಿ ಮಾತ್ರ ಕೇಳ್ಬೇಡಿ, ಬೇಸ್ ಬರಲ್ಲ ಅದ್ರಲ್ಲಿ.