ದಿಡ್ಡಳ್ಳಿ ಹೋರಾಟ ಗೆದ್ದಿತೆಂದು ಹೇಳಬಹುದೇ?

ಪ್ರಶ್ನೆ (ಸಿದ್ದಾಪುರದಿಂದ):
2016ರ ಡಿಸೆಂಬರ್‌ನಲ್ಲಿ ಕೊಡಗಿನ ಮಾಲ್ದಾರೆ ಬಳಿಯ ದಿಡ್ಡಳ್ಳಿಯಲ್ಲಿ 500ಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಲಾಯಿತು. ತಿಂಗಳುಗಟ್ಟಲೆ ಹೋರಾಟ ನಡೆದು, ಅವರಲ್ಲಿ ಬಹಳ ಮಂದಿಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ದೊರೆಯಿತು. ಆನಂತರ ಅಷ್ಟು ಜನ ಮತ್ತೆ ಒಂದೆಡೆ ಸೇರಿದ್ದನ್ನು ನಾನು ಕಂಡಿಲ್ಲ. ಬೇಡಿಕೆ ಈಡೇರಿ ಚಳವಳಿ ಚದುರಿದರೆ, ರಾಜಕೀಯ ಸಿದ್ಧಾಂತ ಅದನ್ನು ಸಾಮಾಜಿಕ ಪರಿವರ್ತನೆ ಎಂದು ಒಪ್ಪುತ್ತದೆಯೇ?

ಉತ್ತರ 1 (ಗೋಣಿಕೊಪ್ಪದಿಂದ):
ಚದುರಿದ್ದನ್ನೇ ಸೋಲೆನ್ನಬೇಕಾಗಿಲ್ಲ. ಅಮೆರಿಕದ ಬಡವರ ಚಳವಳಿಗಳನ್ನು ಅಭ್ಯಸಿಸಿದ ವಿದ್ವಾಂಸರಾದ ಪಿವೆನ್ ಮತ್ತು ಕ್ಲೋವರ್ಡ್ 1977ರಲ್ಲೇ ವಾದಿಸಿದ್ದಂತೆ, ಬಡವರು ಏನನ್ನಾದರೂ ಪಡೆಯುವುದು ವ್ಯವಸ್ಥೆಯ ನಡೆಗೆ ಅಡ್ಡ ನಿಂತಾಗಲೇ ಹೊರತು ಸಂಘ ಕಟ್ಟಿ, ಸದಸ್ಯತ್ವದ ರಸೀದಿ ಹರಿದು, ಸಭೆ ನಡೆಸಿದಾಗ ಅಲ್ಲ. ಈ ವಾದ ನನಗೆ ಅರ್ಧ ಮಾತ್ರ ಒಪ್ಪಿಗೆ; ಅಡ್ಡ ನಿಂತು ಪಡೆದದ್ದನ್ನು ಉಳಿಸಿಕೊಳ್ಳುವುದಕ್ಕಾದರೂ ಸಂಘ ಬೇಡವೇ?

ಉತ್ತರ 2 (ಮಡಿಕೇರಿಯಿಂದ):
ಫ್ರಾನ್ಸಿನ ಎಡಪಂಥೀಯ ಚಿಂತಕ ಆಂಡ್ರೆ ಗೋರ್ಜ್ 1960ರ ದಶಕದಲ್ಲಿ ಸುಧಾರಣೆಗಳನ್ನೇ ಎರಡು ಬಗೆಯಾಗಿ ವಿಂಗಡಿಸಿದ್ದು ಇಲ್ಲಿ ಹೆಚ್ಚು ಉಪಯುಕ್ತ. ಒಂದು, ಇದ್ದ ಅಧಿಕಾರ ಇದ್ದಲ್ಲೇ ಇದ್ದು ಕೈಯೆತ್ತಿ ಕೊಡುವಂಥದ್ದು. ಇನ್ನೊಂದು, ತೀರ್ಮಾನಿಸುವ ಅಧಿಕಾರವನ್ನೇ ಜನರತ್ತ ಸರಿಸುವಂಥದ್ದು. ಪುನರ್ವಸತಿಯ ಮನೆ ಮೊದಲನೆಯ ಬಗೆಯದು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಗ್ರಾಮಸಭೆಗೆ ಸಿಕ್ಕ ಪಾತ್ರ, ಕಾಗದದ ಮೇಲಾದರೂ, ಎರಡನೆಯದು. ಆದರೆ ಆ ಕಾಯ್ದೆಯು 2005ರ ಡಿಸೆಂಬರ್ 13ಕ್ಕೆ ಮೊದಲು ಅರಣ್ಯಭೂಮಿಯಲ್ಲಿದ್ದವರ ಹಕ್ಕನ್ನು ಮಾನ್ಯ ಮಾಡುತ್ತದೆ. ಕಾಡಿನಿಂದ ಹೊರಬಿದ್ದು ಕಾಫಿ ತೋಟದ ಲೈನ್ ಮನೆ (ಮಾಲೀಕರು ಕೂಲಿಯವರಿಗೆ ಕೊಡುವ ಸಾಲುಮನೆ) ಸೇರಿದ್ದವನು ಅನಂತರ ಕಾಡಿಗೆ ಮರಳಿದರೆ ಅವನು ಒತ್ತುವರಿದಾರ! ಇತ್ತ 'ಉಳುವವನೇ ಹೊಲದೊಡೆಯ' ಎಂದ 1974ರ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು, ಕಾಫಿ ತೋಟಗಳಿಗೆ ಭೂಮಿತಿ ಹಾಕಲಿಲ್ಲ, ಕೂಲಿಯವನನ್ನು ಗೇಣಿದಾರನೆಂದು ಎಣಿಸಲೂ ಇಲ್ಲ. ಕರಾವಳಿಯ ಗೇಣಿದಾರರಿಗೆ ಹಿಡಿಯಲು ಸಿಕ್ಕ ಹಿಡಿಕೆ ಲೈನ್ ಮನೆಯವರಿಗೆ ಯಾವ ಕಾನೂನಿನಲ್ಲೂ ಸಿಗದ ಕಾರಣ ಅವರಿಗೆ ಉಳಿದದ್ದು ಪೈಸಾರಿಯಲ್ಲೋ (ಸರ್ಕಾರಿ ಜಾಗ) ಕಾಡಂಚಿನಲ್ಲೋ ಗುಡಿಸಲು ಹಾಕುವ ದಾರಿ ಮಾತ್ರ.

ಉತ್ತರ 3 (ಪೊನ್ನಂಪೇಟೆಯಿಂದ):
ನಾವೆಲ್ಲ ಹೋರಾಟವನ್ನು ಗುಡಿಸಲು ಕೆಡವಿದ ದಿನದಿಂದ ಎಣಿಸುತ್ತಿದ್ದೇವೆ, ಅಲ್ಲಿಯೇ ಎಡವಿದ್ದೇವೆ ಎಂದು ನನ್ನ ಅನಿಸಿಕೆ. ಆಳುವವರ ಬಲ ಲಾಠಿಯಲ್ಲಷ್ಟೇ ಅಲ್ಲ, ಆಳಿಸಿಕೊಳ್ಳುವವರ ಸಮ್ಮತಿಯಲ್ಲೂ ಇದೆ ಎಂಬ ಇಟಲಿಯ ಮಾರ್ಕ್ಸ್‌ವಾದಿ ಚಿಂತಕ ಗ್ರಾಮ್ಶಿಯ ಮಾತು ತೋಟದ ಬದುಕು ಬಲ್ಲವರಿಗೆ ಹೊಸದಲ್ಲ. ಸೂರು ಮಾಲೀಕರದು, ಮದುವೆಗೆ ಮುಂಗಡ ಅವರದು, ಜ್ವರ ಬಂದರೆ ಆಸ್ಪತ್ರೆಗೆ ಜೀಪು ಅವರದು. ಸಾಲ ಎಲ್ಲಿ ಮುಗಿದು ಋಣ ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ. ಜೀತ ಪದ್ಧತಿಯನ್ನು 1976ರ ಕಾಯ್ದೆ ರದ್ದು ಮಾಡಿತಾದರೂ ಆ ಋಣವನ್ನು ಯಾವ ಕಾಯ್ದೆ ರದ್ದು ಮಾಡೀತು? ಲೈನ್ ಮನೆಯಿಂದ ಪಾತ್ರೆ ಪಗಡೆ ಹೊತ್ತು ದಿಡ್ಡಳ್ಳಿಗೆ ಹೊರಟ ದಿನ ಆ ಸಮ್ಮತಿ ಮುರಿಯಿತು.

ಪ್ರಶ್ನೆ ಕೇಳಿದವರು:
ಒಪ್ಪಿದೆ. ಆದರೆ ಹೊಸ ಮನೆಯಿಂದಲೂ ಬೆಳಿಗ್ಗೆ ಜೀಪು ಹತ್ತಿ ತೋಟದ ಕೂಲಿಗೇ ಹೋಗುವವರನ್ನು ನಾನು ನೋಡುತ್ತೇನೆ. ಅವರು ಈಗ ಕೂಲಿಯ ದರವನ್ನು ಮಾತನಾಡಿ ಜೀಪು ಹತ್ತುತ್ತಾರೆಯೇ ಎಂಬುದನ್ನು ಕೇಳಿ ತಿಳಿದು ಇಲ್ಲಿಯೇ ಬರೆಯುತ್ತೇನೆ.