ಟೇಬಲ್‌ಗೆ ರೊಕ್ಕ ಕೇಳೋದು ಹೇಗೆ? ಹುಬ್ಬಳ್ಳಿಯ ಆಟದ ಅಂಗಡಿಯ ಪ್ರಶ್ನೆ

ವಿದ್ಯಾನಗರದ ಅಂಗಡಿಯವಳು

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿ ವಿದ್ಯಾನಗರದಲ್ಲಿ ಚಿಗರಿ ಬಸ್ಸಿಳಿದು ಐದು ನಿಮಿಷ ನಡೆದರೆ ಒಂದು ಮೊದಲ ಮಹಡಿಯಲ್ಲಿ ನನ್ನ ಆಟದ ಅಂಗಡಿ ಇದೆ. ಬರುವ ಯುಗಾದಿಗೆ ಎರಡು ವರ್ಷ ತುಂಬುತ್ತದೆ. ಬ್ಯಾಟು, ಬಾಲು ಮಾರುವ ಅಂಗಡಿ ಅಲ್ಲ. ವಿಡಿಯೋ ಗೇಮೂ ಅಲ್ಲ. ಕೂತು ಆಡುವ ಆಟಗಳು ಮಾತ್ರ. ಕೇರಂ, ಚೆಸ್, ಕಟಾನ್ ತರಹದ ಬೋರ್ಡ್ ಗೇಮ್‌ಗಳು, ಜೊತೆಗೆ ನಮ್ಮ ಚಕ್ಕಾ (ಚೌಕಾಬಾರಾ), ಅಳಗುಳಿ ಮಣೆ, ಹುಲಿ-ಕುರಿ. ಕಪಾಟು ಒಂದು ಗೋಡೆಗೆ, ಉಳಿದ ಜಾಗದಲ್ಲಿ ಆರು ಟೇಬಲ್.

ಈ ಜಾಗ ಸಿಗುವುದೇ ಕಷ್ಟ ಆಗಿತ್ತು. ‘ಆಟದ ಅಂಗಡಿ, ಜನ ಕೂತು ಆಡ್ತಾರೆ’ ಅಂದ ತಕ್ಷಣ ಮೂರು ಮಾಲೀಕರು ಬೇಡ ಅಂದರು. ಅವರ ಕಣ್ಣಿಗೆ ಕಂಡದ್ದು ಇಸ್ಪೇಟ್ ಅಡ್ಡಾ. ನಾಲ್ಕನೆಯವರ ಮನೆಗೆ ಚಕ್ಕಾ ಪಟ, ಕವಡಿ ತಗೊಂಡೇ ಹೋದೆ. ಅವರ ಅತ್ತೆ ಕವಡಿ ನೋಡಿ ‘ಬಾರಾ ಬಿದ್ರ ಎಂಟಲ್ಲೇನವಾ?’ ಅಂದರು. ಕೀಲಿಕೈ ಸಿಕ್ಕಿತು.

ಈಗ ವಿಷಯಕ್ಕೆ ಬರುತ್ತೇನೆ. ಟೇಬಲ್‌ಗೆ ಇವತ್ತಿನವರೆಗೂ ರೊಕ್ಕ ತಗೊಂಡಿಲ್ಲ. ಬನ್ನಿ, ಆಡಿ, ಇಷ್ಟ ಆದರೆ ಕೊಳ್ಳಿ ಅಂತ. ಜನ ಬಂದರು, ಆಡಿದರು. ಕೊಳ್ಳುವುದು ಮಾತ್ರ ಫೋನಿನಲ್ಲಿ. ಕಳೆದ ತಿಂಗಳು ಒಬ್ಬ ಹುಡುಗ ಎರಡು ಗಂಟೆ ಕೂತು ನನ್ನಿಂದಲೇ ಒಂದು ಆಟ ಕಲಿತ. ಬಹಳ ಖುಷಿಪಟ್ಟ. ಆಮೇಲೆ ನನ್ನ ಎದುರಿಗೇ ಆರ್ಡರ್ ಮಾಡಿದ. ‘ಅಕ್ಕಾ, ಆನ್‌ಲೈನ್‌ನಾಗ 340 ಕಡಿಮಿ ಐತ್ರೀ.’ ಕೆಟ್ಟ ಹುಡುಗ ಅಲ್ಲ. ಅದರಿಂದ ನನಗೆ ಏನಾಗುತ್ತದೆ ಅಂತ ಅವನಿಗೆ ಗೊತ್ತೇ ಇಲ್ಲ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಬಾಡಿಗೆ 16,000. ಸಹಾಯಕ್ಕಿರುವ ಹುಡುಗಿಗೆ 9,000. ಕರೆಂಟು, ನೆಟ್, ಹಾಳಾದ ಆಟಗಳ ಬದಲಿ, ಕೇರಂ ಪುಡಿ ಎಲ್ಲ ಸೇರಿ ಇನ್ನೊಂದು 5,000. ತಿಂಗಳಿಗೆ 30,000 ಹೊರಗೆ ಹೋಗುತ್ತದೆ. ಬೇಸಿಗೆ ರಜೆಯಲ್ಲಿ ಕೇರಂ ಚೆನ್ನಾಗಿ ಹೋಗುತ್ತದೆ. 2024ರ ಡಿಸೆಂಬರ್‌ನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಕೆಲವು ತಿಂಗಳು ಚೆಸ್ ಬೋರ್ಡ್ ತಂದಂತೆಲ್ಲ ಖಾಲಿ ಆಯಿತು. ಮಳೆಗಾಲದಲ್ಲಿ ಮಾತ್ರ ಕೈಯಿಂದ ಹಾಕಿದ್ದೇನೆ.

ರೊಕ್ಕ ಕೇಳು ಅಂತ ಗಂಡ ಹೇಳುತ್ತಾರೆ. ಆದರೆ ಯಾರಿಗೆ ಕೇಳಲಿ? ರೈಲ್ವೆಯಿಂದ ರಿಟೈರ್ ಆದ ಕಾಕಾ ಒಬ್ಬರು ದಿನಾ ಐದಕ್ಕೆ ಬಂದು ಮಕ್ಕಳಿಗೆ ಚೆಸ್ ಕಲಿಸುತ್ತಾರೆ. ಪಿಜಿಯಲ್ಲಿರುವ, ಹಾವೇರಿ ಕಡೆಯ ಇಬ್ಬರು ನರ್ಸಿಂಗ್ ಹುಡುಗಿಯರಿದ್ದಾರೆ. ‘ಸಂಜಿ ಮುಂದ ಯಾರೂ ಏನೂ ಕೇಳದಂಗ ಕುಂದರಾಕ ಇದೊಂದ ಜಾಗ ಅಕ್ಕಾ’ ಅಂತ ಅವರಲ್ಲೊಬ್ಬಳು ಅಂದಳು. ಇಂಜಿನಿಯರಿಂಗ್‌ನ ನಾಲ್ಕು ಹುಡುಗರು ಒಂದು ನೀರಿನ ಬಾಟಲಿ ಇಟ್ಟುಕೊಂಡು ನಾಲ್ಕು ತಾಸು ಕೂರುತ್ತಾರೆ. ಆದರೆ ಹೊಸಬರು ಬಂದರೆ ಆಟ ಹೇಳಿಕೊಡುವವರೂ ಅವರೇ.

ಈ ಜನ ಇಲ್ಲದಿದ್ದರೆ ನನ್ನದು ಬರೀ ಡಬ್ಬಿ ಜೋಡಿಸಿದ ಕೋಣೆ. ಇವರನ್ನು ಕಳಕೊಳ್ಳದೆ ರೊಕ್ಕ ಕೇಳುವುದು ಹೇಗೆ? ಎಷ್ಟು ಕೇಳಬೇಕು? ಅಂಗಡಿ ನಡೆಸಿದವರು ದಯವಿಟ್ಟು ಹೇಳಿ.

ಬೆಟಗೇರಿ ಸ್ಟೇಶನರಿ

ತಂಗೀ, ಗದಗ-ಬೆಟಗೇರಿಯಲ್ಲಿ 22 ವರ್ಷದಿಂದ ನನ್ನ ನೋಟ್‌ಬುಕ್, ಜೆರಾಕ್ಸ್ ಅಂಗಡಿ. ಮೊದಲು ನಿನ್ನ ಲೆಕ್ಕ ಮಾಡೋಣ.

ಆರು ಟೇಬಲ್. ದಿನಕ್ಕೆ ಒಂಬತ್ತು ತಾಸು, ತಿಂಗಳಿಗೆ 26 ದಿನ ಅಂತ ಹಿಡಿ. ಒಟ್ಟು 1,404 ಟೇಬಲ್-ತಾಸು. ಎಲ್ಲವೂ ತುಂಬುವುದಿಲ್ಲ. ಮೂರರಲ್ಲಿ ಒಂದು ಪಾಲು ತುಂಬಿದರೆ 468. 30,000 ಖರ್ಚನ್ನು ಅದರಿಂದ ಭಾಗಿಸು. ಒಂದು ಟೇಬಲ್ ಒಂದು ತಾಸಿಗೆ ನಿನಗೆ 64 ರೂಪಾಯಿ ಬೀಳುತ್ತದೆ. ನಾಲ್ಕು ಜನ ಕೂತರೆ ತಲೆಗೆ 16. ಅಂದರೆ ಆ ನಾಲ್ಕು ಹುಡುಗರು ನಾಲ್ಕು ತಾಸು ಕೂತಾಗ ನೀನು 256 ರೂಪಾಯಿ ಅವರ ಕೈಗೆ ಇಡುತ್ತಿದ್ದೀ. ಕೊಡಬೇಡ ಅನ್ನುವುದಿಲ್ಲ. ಕೊಡುತ್ತಿದ್ದೀ ಅಂತ ಗೊತ್ತಿದ್ದು ಕೊಡು. ಒಬ್ಬರಿಗೆ ತಾಸಿಗೆ 20 ರೂಪಾಯಿ ಕೇಳಿದರೆ ಅನ್ಯಾಯ ಇಲ್ಲ. ಈಗ ಒಂದು ಪ್ಲೇಟ್ ಮಿರ್ಚಿಗೂ ಅಷ್ಟಾಗುತ್ತದೆ.

ಇನ್ನೊಂದು ಮಾತು, ಇದು ನಾನೇ ಸುಟ್ಟುಕೊಂಡು ಕಲಿತದ್ದು. ಒಂದು ಬೇಸಿಗೆಯಲ್ಲಿ ಅಂಗಡಿ ಮುಂದೆ ಕೇರಂ ಬೋರ್ಡ್ ಹಾಕಿದೆ, ಎಲ್ಲರಿಗೂ ಫ್ರೀ. ಹದಿನೈದು ದಿನ ಬಹಳ ಚೆಂದ ಇತ್ತು. ಆಮೇಲೆ ಅದೇ ಏಳೆಂಟು ಹುಡುಗರು ಬೆಳಗಿನಿಂದ ರಾತ್ರಿವರೆಗೆ ನಿಂತರು. ಸಣ್ಣ ಹುಡುಗರಿಗೆ ಪಾಳಿ ಸಿಗಲಿಲ್ಲ. ಮಕ್ಕಳ ಕೈ ಹಿಡಿದುಕೊಂಡು ನೋಟ್‌ಬುಕ್ಕಿಗೆ ಬರುತ್ತಿದ್ದ ತಾಯಂದಿರು ಗುಂಪು ನೋಡಿ ಆ ಕಡೆಯಿಂದಲೇ ಹೋಗತೊಡಗಿದರು. ಜಾಗ ಪುಕ್ಕಟೆ ಬಿಟ್ಟರೆ ಅದು ಎಲ್ಲರದ್ದೂ ಆಗುವುದಿಲ್ಲ, ಜಾಸ್ತಿ ಹೊತ್ತು ಕೂರುವವರದ್ದಾಗುತ್ತದೆ. ನಿನ್ನ ನರ್ಸಿಂಗ್ ಹುಡುಗಿಯರಿಗೆ ಟೇಬಲ್ ಸಿಗಬೇಕಾದರೆ ಉಳಿದವರು ಏಳಬೇಕು. ತಾಸಿನ ರೊಕ್ಕ ಇದ್ದರೆ ನೀನು ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಕೇಶ್ವಾಪುರದ ಲೆಕ್ಕಪತ್ರ

ಬಾಯಾರ, ಟೇಬಲ್ ರೊಕ್ಕ ಶುರು ಮಾಡುವ ಮೊದಲು ಇಷ್ಟು ನೋಡಿಕೊಳ್ಳಿ. ಬರೀ ಮಾಲು ಮಾರುವವರಿಗೆ ಜಿಎಸ್‌ಟಿ ನೋಂದಣಿ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದ ಮೇಲೆ. ಟೇಬಲ್ ಬಾಡಿಗೆ ಸೇವೆ ಆಗುತ್ತದೆ. ಮಾಲಿನ ಜೊತೆ ಸೇವೆಯೂ ಸೇರಿದರೆ ಮಿತಿ 20 ಲಕ್ಷ. ಎರಡನ್ನೂ ಬೇರೆ ಬೇರೆ ಬರೆದಿಡಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಗಳಿಗೆ ನೋಟಿಸ್ ಬಂದದ್ದು ನೆನಪಿದೆ ಅಲ್ವಾ? ಮನೆಯ ರೊಕ್ಕ, ಅಂಗಡಿಯ ರೊಕ್ಕ ಒಂದೇ ಕ್ಯೂಆರ್‌ಗೆ ಬೀಳಬಾರದು.

ಚೆಸ್, ಕೇರಂ, ಲೂಡೋ ಇತ್ಯಾದಿಗೆ ತೆರಿಗೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಪರ್ಸೆಂಟ್ ಆಗಿದೆ. ಸಪ್ಲೈಯರ್ ಹಳೆಯ ದರದಲ್ಲೇ ಬಿಲ್ ಹಾಕುತ್ತಿದ್ದರೆ ಕೇಳಿ. ಮಕ್ಕಳ ಆಟಿಕೆ ತರಿಸಿದರೆ ಐಎಸ್‌ಐ ಗುರುತು ನೋಡಿಯೇ ತರಿಸಿ, 2021ರ ಜನವರಿ 1ರಿಂದ ಅದು ಕಡ್ಡಾಯ. ಮತ್ತೆ, ‘ಇಲ್ಲಿ ಹಣ ಇಟ್ಟು ಆಡುವಂತಿಲ್ಲ’ ಅಂತ ದೊಡ್ಡದಾಗಿ ಬರೆದು ಬಾಗಿಲಿಗೇ ಹಾಕಿ. ಟೂರ್ನಮೆಂಟ್ ಮಾಡಿದರೂ ಬಹುಮಾನ ವಸ್ತುವಿನಲ್ಲಿರಲಿ, ನಗದು ಬೇಡ.

ಟೊರೊಂಟೊದಿಂದ ಮರಳಿದವ

ಅಕ್ಕಾ, ನಾನು ಧಾರವಾಡದವನು. ಮೂರು ವರ್ಷ ಟೊರೊಂಟೊದಲ್ಲಿದ್ದೆ. ಅಲ್ಲಿ ಎರಡು ತರಹದ ಅಂಗಡಿ ನೋಡಿದೆ. ಒಂದು 2010ರಲ್ಲಿ ಶುರುವಾದ ಸ್ನೇಕ್ಸ್ ಅಂಡ್ ಲಾಟೇಸ್. ಅಲ್ಲಿ ಕೂತು ಆಡಲು ತಲೆಗೆ ಇಷ್ಟು ಅಂತ ರೊಕ್ಕ. ಯಾವ ಆಟ ಬೇಕಾದರೂ ತೆಗೆದುಕೊಳ್ಳಿ, ಗೊತ್ತಿಲ್ಲದಿದ್ದರೆ ಕೆಲಸದವರೇ ಬಂದು ಹೇಳಿಕೊಡುತ್ತಾರೆ. ಊಟ, ಕಾಫಿಯ ಬಿಲ್ ಬೇರೆ.

ಇನ್ನೊಂದು ಕಾರ್ಡ್ ಆಟದ ಅಂಗಡಿಗಳು. 1993ರಲ್ಲಿ ಬಂದ ಮ್ಯಾಜಿಕ್ ಅನ್ನುವ ಆಟ ಅಲ್ಲಿ ಶುಕ್ರವಾರ ರಾತ್ರಿ ನಡೆಯುತ್ತದೆ. ಡ್ರಾಫ್ಟ್ ಇದ್ದ ದಿನ ತಲಾ ಮೂರು ಪ್ಯಾಕೆಟ್ ಕಾರ್ಡ್ ಕೊಳ್ಳಬೇಕು. ಎಲ್ಲರೂ ಪ್ಯಾಕೆಟ್ ಒಡೆದು ಒಂದು ಕಾರ್ಡ್ ಇಟ್ಟುಕೊಂಡು ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತಾರೆ. ಹೀಗೆ ಕೂಡಿಸಿಕೊಂಡ ಕಾರ್ಡಿನಲ್ಲೇ ಆಡಬೇಕು. ಆ ಅಂಗಡಿಗಳಲ್ಲಿ ಉಳಿದ ದಿನ ಟೇಬಲ್ ಫ್ರೀ ಇದ್ದದ್ದನ್ನು ನೋಡಿ ನನಗೂ ಆಶ್ಚರ್ಯ ಆಗುತ್ತಿತ್ತು. ಆಮೇಲೆ ಅರ್ಥ ಆಯಿತು. ಅಲ್ಲಿ ಆಡಿದಷ್ಟೂ ಮಾಲು ಖರ್ಚಾಗುತ್ತದೆ. ನಮ್ಮ ಕೇರಂ ಬೋರ್ಡ್ ಒಮ್ಮೆ ಕೊಂಡರೆ ಹತ್ತು ವರ್ಷ ಮನೆಯಲ್ಲಿರುತ್ತದೆ. ಅದಕ್ಕೇ ನಿಮಗೆ ಮೊದಲ ದಾರಿಯೇ ಸರಿ.

ಒಂದೇ ಸಲಹೆ. ಟೇಬಲ್‌ಗೆ ಕೊಟ್ಟ ರೊಕ್ಕವನ್ನು ಅದೇ ದಿನ ಆಟ ಕೊಂಡರೆ ಮುರಿದುಕೊಳ್ಳಿ. 340 ಫರಕು ಪೂರ್ತಿ ಮುಚ್ಚುವುದಿಲ್ಲ. ಆದರೆ ಮನಸ್ಸು ನಿಮ್ಮ ಕಪಾಟಿನ ಕಡೆ ವಾಲುತ್ತದೆ.

ಸಾಧನಕೇರಿಯ ಟೀಚರ್

ತಂಗೀ, ತಾಸಿನ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಗಡಿಯಾರ ನೋಡಿಕೊಂಡು ಆಡಿದರೆ ಅದು ಆಟ ಅನ್ನಿಸುವುದಿಲ್ಲ. ನಾವು ಪಂಚಮಿಗೆ ತವರಿಗೆ ಬಂದಾಗ ಪಡಸಾಲೆಯಲ್ಲಿ ಚಕ್ಕಾ ಹಾಕಿದರೆ ಊಟದ ಹೊತ್ತು ಮೀರುತ್ತಿತ್ತು. ಆದರೆ ಆ ಪಡಸಾಲೆಗೆ ಬಾಡಿಗೆ ಇರಲಿಲ್ಲ, ನಿನ್ನದಕ್ಕೆ ಇದೆ. ಅದನ್ನೂ ಒಪ್ಪುತ್ತೇನೆ.

ನಮ್ಮ ಧಾರವಾಡದಲ್ಲೇ ಒಂದು ದಾರಿ ಇದೆ, ನೋಡು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಅನ್ನುವ ಪುಸ್ತಕ ಪ್ರಕಾಶನ ಶುರು ಮಾಡಿದರು. ಸುಭಾಸ್ ರೋಡಿನ ಅವರ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡರಂಥವರು ಕೂತು ಗಂಟೆಗಟ್ಟಲೆ ಮಾತಾಡಿದರು. ಅಟ್ಟ ಹತ್ತಿದವರಿಗೆ ಯಾರೂ ಟಿಕೆಟ್ ಹರಿಯಲಿಲ್ಲ. ಆದರೆ ಅದು ವ್ಯವಹಾರವೂ ಆಗಿತ್ತು. ಚಂದಾದಾರರನ್ನು ಮಾಡಿಕೊಂಡು ಅವರಿಗೆ ವರ್ಷ ವರ್ಷ ಪುಸ್ತಕ ಕೊಟ್ಟರು. ಓದುವವರು ಮೊದಲೇ ಹಣ ಕೊಟ್ಟು ‘ಇದು ನಡೀಲಿ’ ಅಂದರು. ನಿನ್ನ ಅಂಗಡಿಗೂ ಚಂದಾ ಇರಲಿ. ತಿಂಗಳಿಗೆ ಇಷ್ಟು ಅಂತ ಕೊಟ್ಟವರು ಎಷ್ಟು ಹೊತ್ತಾದರೂ ಆಡಲಿ, ಒಂದು ಆಟ ವಾರಕ್ಕೆ ಮನೆಗೂ ಒಯ್ಯಲಿ.

ಆ ರೈಲ್ವೆ ಕಾಕಾ ಅವರಿಗೆ ಮಾತ್ರ ಕೇಳಬೇಡ. ಅವರು ಕೊಡುತ್ತಿರುವುದನ್ನು ಲೆಕ್ಕ ಹಾಕಿದರೆ ನೀನೇ ಅವರಿಗೆ ಕೊಡಬೇಕಾಗುತ್ತದೆ.

ಬೆಟಗೇರಿ ಸ್ಟೇಶನರಿ

ಟೀಚರ್ ಅವರ ಮಾತು ಚೆಂದ ಇದೆ. ಆದರೆ ಪಿಜಿ ಹುಡುಗರು ಪರೀಕ್ಷೆ ಬಂತು ಅಂತ ಎರಡು ತಿಂಗಳು ಬರುವುದಿಲ್ಲ, ಚಂದಾ ಅಲ್ಲಿಗೆ ನಿಲ್ಲುತ್ತದೆ. ಎರಡೂ ಇಡು ತಂಗೀ. ಬಿಡಿಯಾಗಿ ಬಂದವರಿಗೆ ತಾಸು, ದಿನಾ ಬರುವವರಿಗೆ ಚಂದಾ.

ವಿದ್ಯಾನಗರದ ಅಂಗಡಿಯವಳು

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಎಲ್ಲರ ಮಾತೂ ಓದಿದೆ, ಬೆಟಗೇರಿ ಅಣ್ಣಾ ಅವರ ಲೆಕ್ಕವನ್ನಂತೂ ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆ ಒಳಗೆ ಅಂಟಿಸಿದ್ದೇನೆ.

ಹೀಗೆ ಮಾಡಿದೆ. ಒಬ್ಬರಿಗೆ ತಾಸಿಗೆ 20, ಇಡೀ ಸಂಜೆಗೆ 50, ತಿಂಗಳ ಚಂದಾ 400. ಟೇಬಲ್ ರೊಕ್ಕ ಅದೇ ದಿನದ ಖರೀದಿಯಲ್ಲಿ ಮುರಿದುಕೊಳ್ಳುತ್ತೇನೆ. ಕಿಟಕಿ ಪಕ್ಕದ ಟೇಬಲ್ ಮಾತ್ರ ಯಾವಾಗಲೂ ಫ್ರೀ, ಅಲ್ಲಿ ಚಕ್ಕಾ, ಅಳಗುಳಿ, ಹುಲಿ-ಕುರಿ. ಕವಡಿ, ಹುಣಸೆ ಬೀಜ ಕಳೆದರೂ ಜಾಸ್ತಿ ನಷ್ಟ ಇಲ್ಲ. ಗಿರಮಿಟ್ ಮಾತ್ರ ಯಾವ ಟೇಬಲ್ ಮೇಲೂ ಬೇಡ ಅಂದಿದ್ದೇನೆ. ಎಣ್ಣೆ ಕೈ ತಾಗಿ ಒಂದು ಇಡೀ ಕಾರ್ಡ್ ಸೆಟ್ ಹೋಗಿದೆ.

ಬೋರ್ಡ್ ಹಾಕುವ ಮೊದಲು ದಿನಾ ಬರುವವರ ಹತ್ತಿರ ಒಬ್ಬೊಬ್ಬರಾಗಿ ಮಾತಾಡಿದೆ. ಬಾಡಿಗೆ ಎಷ್ಟು ಅಂತಲೂ ಹೇಳಿಬಿಟ್ಟೆ. ನರ್ಸಿಂಗ್ ಹುಡುಗಿಯರು ‘ಮೊದಲ ಯಾಕ ಹೇಳಲಿಲ್ಲಕ್ಕಾ’ ಅಂತ ಬೈದರು. ಮರುದಿನ ಇನ್ನೂ ಮೂರು ಗೆಳತಿಯರನ್ನು ಕರಕೊಂಡು ಬಂದರು. ಹತ್ತರ ನೋಟುಗಳನ್ನು ಕೂಡಿಸಿ, ಎಣಿಸಿ ಕೊಟ್ಟರು. ತೆಗೆದುಕೊಳ್ಳುವಾಗ ನನ್ನ ಕೈ ನಡುಗಿತು. ಆದರೆ ತೆಗೆದುಕೊಂಡೆ.

ಕಾಕಾ ಅವರ ಚೆಸ್ ತಾಸಿಗೆ ಮಕ್ಕಳ ಮನೆಯವರಿಂದ ತಿಂಗಳಿಗೆ 300 ಅಂತ ಮಾಡಿದೆ, ಅರ್ಧ ಕಾಕಾ ಅವರಿಗೆ. ಅವರು ಮುಟ್ಟಲಿಲ್ಲ. ‘ಪೆನ್ಶನ್ ಐತಿ ನನಗ. ಒಂದ ಛಲೋ ಚೆಸ್ ಗಡಿಯಾರ ತಂದಿಡು’ ಅಂದರು. ತಂದೆ. ಈಗ ಐದಕ್ಕಲ್ಲ, ನಾಲ್ಕೂವರೆಗೇ ಬಂದು ಅದನ್ನು ಸೆಟ್ ಮಾಡುತ್ತಾ ಕೂರುತ್ತಾರೆ.

12 ದಿನದಲ್ಲಿ ಟೇಬಲ್‌ನಿಂದ 5,640 ಬಂದಿದೆ. ಹೀಗೇ ನಡೆದರೆ ಬಾಡಿಗೆಯ ಮುಕ್ಕಾಲು ಪಾಲು ಟೇಬಲ್ಲೇ ದುಡಿಯುತ್ತದೆ. ಟೇಬಲ್ ಮತ್ತು ಮಾಲಿನ ಲೆಕ್ಕಕ್ಕೆ ಬೇರೆ ಬೇರೆ ಪುಸ್ತಕ ಇಟ್ಟಿದ್ದೇನೆ.

ಒಂದು ಮಾತ್ರ ಚುಚ್ಚುತ್ತಿದೆ. ಆ ನಾಲ್ಕು ಇಂಜಿನಿಯರಿಂಗ್ ಹುಡುಗರಲ್ಲಿ ಇಬ್ಬರು ಬರುವುದನ್ನು ಬಿಟ್ಟಿದ್ದಾರೆ. ಉಳಿದಿಬ್ಬರನ್ನು ಕೇಳಿದರೆ ‘ಅಸೈನ್‌ಮೆಂಟ್ ಅದಾವ ಅಕ್ಕಾ’ ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರಲ್ಲೊಬ್ಬನ ಮನೆಯಲ್ಲಿ ಕಷ್ಟ ಇದೆ ಅಂತ ಗೊತ್ತು. ಫೋನ್ ಮಾಡಲಾ? ಮಾಡಿದರೆ ಅವನಿಗೆ ಮುಜುಗರ ಆಗುತ್ತದಾ?

ಬೆಟಗೇರಿ ಸ್ಟೇಶನರಿ

ಇವತ್ತೇ ಮಾಡು ತಂಗೀ. ರೊಕ್ಕದ ಮಾತು ಎತ್ತಬೇಡ. ಭಾನುವಾರ ಗದ್ದಲ ಜಾಸ್ತಿ, ಹೊಸಬರಿಗೆ ಆಟ ಹೇಳಿಕೊಡಲು ಇಬ್ಬರು ಬೇಕು, ಬರ್ತೀರಾ ಅಂತ ಕೇಳು. ಹೇಳಿಕೊಟ್ಟವರಿಗೆ ಇಡೀ ವಾರ ಟೇಬಲ್ ಫ್ರೀ ಅಂತ ನಾಲ್ವರಿಗೂ ಕೂಡಿಯೇ ಹೇಳು.