ಅಹಮದಾಬಾದ್‌ಗೆ ಗುಂಪಾಗಿ ಹೋಗಿ ಬಂದವರು ಹೇಳಿ

ಕಾರ್ಯದರ್ಶಿ, ಡೊಂಬಿವಲಿ: ನಮ್ಮ ಕನ್ನಡ ಸಂಘದಿಂದ 22 ಜನ ಡಿಸೆಂಬರ್‌ನಲ್ಲಿ ಮುಂಬೈಯಿಂದ ಅಹಮದಾಬಾದ್‌ಗೆ ಹೊರಟಿದ್ದೇವೆ. ಅರ್ಧಕ್ಕರ್ಧ ಹಿರಿಯರು. ಹಳೇ ಊರು, ಬಟ್ಟೆ ಮಿಲ್ಲಿನ ಕಾಲದ್ದೆಲ್ಲ ನೋಡುವ ಆಸೆ. ಬಸ್ಸೋ ರೈಲೋ? ಊಟಕ್ಕೇನು? ಅನುಭವ ಇದ್ದವರು ತಿಳಿಸಿ.

ರಾವ್, ಸಾಂತಾಕ್ರೂಜ್: ನಾವು ಬಸ್ ಮಾಡಿದೆವು. ಮಾತಾಡಿದ್ದು 72,000. ಆಮೇಲೆ ಗುಜರಾತಿನ ತೆರಿಗೆ ಬೇರೆ, ಟೋಲ್ ಬೇರೆ, ಡ್ರೈವರ್ ಭತ್ಯೆ ಬೇರೆ, ಪಾರ್ಕಿಂಗ್ ಬೇರೆ. ಕೊನೆಗೆ ಕೈಯಿಂದ ಹೋದದ್ದು 91,400. ಭರೂಚ್ ದಾಟುವಷ್ಟರಲ್ಲಿ ಏಸಿ ಕೈಕೊಟ್ಟಿತು. ಕಿಟಕಿ ತೆರೆಯುವಂಥ ಬಸ್ಸೂ ಅಲ್ಲ. ದುಡ್ಡು ವಾಪಸ್ ಕೇಳಿದರೆ ಬಸ್ಸಿನವನು ಮೇಲ್ ಹಾಕಿ ಅಂದ. ಇನ್ನೂ ಹಾಕುತ್ತಲೇ ಇದ್ದೇನೆ. ಆದರೂ ಹಿರಿಯರಿಗೆ ಬಸ್ಸೇ ಸರಿ, ಬೇಕಾದಲ್ಲಿ ನಿಲ್ಲಿಸಬಹುದು.

ಶೆಟ್ಟಿ, ಬೊರಿವಲಿ: ರಾಯರೇ, ಅಷ್ಟು ಕೊಟ್ಟು ಬೆವರು ಸುರಿಸಿ ಬಸ್ಸೇ ಸರಿ ಅಂತೀರಲ್ಲ! ನಾವು ಬೊರಿವಲಿಯಲ್ಲೇ ವಂದೇ ಭಾರತ್ ಹತ್ತಿದೆವು. ಒಂದು ಟಿಕೆಟಿಗೆ ಆರೇ ಹೆಸರು. ಹಾಗಾಗಿ ನಾಲ್ಕು ಟಿಕೆಟ್, ಮೂರು ಬೋಗಿ. ಹಿರಿಯರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ. ನಮ್ಮ ಖಜಾಂಚಿ ಅದನ್ನೇ ನಂಬಿ ಚಂದಾ ಎತ್ತಿದ್ದರು. ಕಡಿಮೆ ಬಿದ್ದದ್ದು ನನ್ನ ಜೇಬಿನಿಂದ ಹೋಯಿತು. ಇಬ್ಬರು ಕೊನೇ ಗಳಿಗೆಯಲ್ಲಿ ಬರಲ್ಲ ಅಂದರು. ಕ್ಯಾನ್ಸಲ್ ಮಾಡಿದಾಗ ಕತ್ತರಿಸಿದ ಹಣ ಯಾರದ್ದು ಅನ್ನುವ ಜಗಳ ಸಂಘದ ಮೀಟಿಂಗ್‌ನಲ್ಲಿ ಇವತ್ತಿಗೂ ಬರುತ್ತದೆ.

ಜೋಶಿ ಮೇಡಂ, ಮುಲುಂಡ್: ಸುಮ್ನೆ ದುಡ್ಡಿನ ಮಾತೇ ಆಯಿತು. ಕ್ಯಾಲಿಕೋ ಬಟ್ಟೆ ಮ್ಯೂಸಿಯಂಗೆ ಮೊದಲೇ ಹೆಸರು ಕೊಡಬೇಕು. ಬುಧವಾರ ರಜಾ. ದೊಡ್ಡ ಗುಂಪನ್ನು ಒಟ್ಟಿಗೆ ಬಿಡುವುದಿಲ್ಲ. ನಮ್ಮಲ್ಲಿ ಅರ್ಧ ಜನ ಒಳಗೆ, ಅರ್ಧ ಜನ ಗೇಟಿನಲ್ಲಿ. ಒಳಗೆ ಪಾಟನ್ ಪಟೋಲಾ ಸೀರೆ ನೋಡಬೇಕು. ಉದ್ದದ ಹಾಸು, ಅಡ್ಡದ ಹೊಕ್ಕು ಎರಡರ ನೂಲಿಗೂ ನೇಯುವ ಮೊದಲೇ ಗಂಟು ಕಟ್ಟಿ ಬಣ್ಣ ಹಾಕಿರುತ್ತಾರೆ. ಸೀರೆಗೆ ಒಳಮೈ ಹೊರಮೈ ಅಂತಲೇ ಇಲ್ಲ. ಹೊರಗೆ ಉಳಿದವರು ರಾತ್ರಿ ತನಕ ನನ್ನ ಜೊತೆ ಮಾತು ಬಿಟ್ಟಿದ್ದರು. ಬೆಳಗಿನ ಹೆರಿಟೇಜ್ ವಾಕ್ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿ ತನಕ. ಮಂಡಿನೋವಿನವರು ಬೇಡ.

ಭಟ್, ಘಾಟ್ಕೋಪರ್: ಅಡುಗೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅಲ್ಲಿ ಬೇಳೆಗೂ ಬೆಲ್ಲ. ಮಾಣೆಕ್ ಚೌಕದಲ್ಲಿ ಹಗಲು ಚಿನ್ನದ ವ್ಯಾಪಾರ, ರಾತ್ರಿ ತಿಂಡಿ ಗಾಡಿ. ಅಲ್ಲಿ ಗ್ವಾಲಿಯರ್ ದೋಸೆ ಅಂತ ಒಂದು. ಕಾವಲಿ ತುಂಬ ಬೆಣ್ಣೆ, ಅದರ ಮೇಲೆ ಚೀಸ್ ಗುಡ್ಡೆ. ನಮ್ಮ ಚಿಕ್ಕಮ್ಮ ತಟ್ಟೆ ಅಲ್ಲೇ ಬಿಟ್ಟು ಎದ್ದರು.

ಜೋಶಿ ಮೇಡಂ: ಭಟ್ರೇ, ಸಾರೇ ಬೇಕು ಅಂದರೆ ಉಡುಪಿ ಹೋಟೆಲುಗಳ ಮಾಟುಂಗಾ ಸಾಕಲ್ವಾ? ನಾನು ಆ ದೋಸೆ ಎರಡು ತಿಂದೆ.

ಪಾಟೀಲ, ಲಾಲ್‌ಬಾಗ್: ಮಿಲ್ಲು ನೋಡಲು ಅಷ್ಟು ದೂರ ಯಾಕೆ? ನಮ್ಮ ಅಪ್ಪ ಪರೇಲಿನಲ್ಲಿ ಸಾಂಚಾ ಖಾತೆಯ, ಅಂದರೆ ಮಗ್ಗದ ವಿಭಾಗದ, ಬದಲಿ ಕೆಲಸಗಾರ. 1982ರ ಜನವರಿಯಲ್ಲಿ ಸಂಪು ಹೂಡಿ ಹೊರಗೆ ಬಂದವರು ಮತ್ತೆ ಒಳಗೆ ಹೋಗಲಿಲ್ಲ. ಈಗ ಅಲ್ಲಿ ಟವರ್. ಚಿಮಣಿ ಒಂದನ್ನು ಶೋಕಿಗೆ ಉಳಿಸಿದ್ದಾರೆ.

ಶೆಟ್ಟಿ: ಪಾಟೀಲರೇ, ಅಲ್ಲೂ ಮಿಲ್ಲುಗಳು ಮುಚ್ಚಿವೆ. 1918ರಲ್ಲಿ ಗಾಂಧೀಜಿ ಮಿಲ್ ಕೆಲಸಗಾರರಿಗಾಗಿ ಉಪವಾಸ ಕೂತ ಊರು ಅದು. ಕೇಳಿದ್ದು ಸಂಬಳದಲ್ಲಿ ನೂರಕ್ಕೆ 35 ಹೆಚ್ಚಳ. ನೋಡಬೇಕಾದ್ದೇ.

ಪಾಟೀಲ: ನಿಮಗೇನು ಬಿಡಿ, ಹೋಟೆಲಿನವರು. ಸಂಪಿನಲ್ಲೂ ಚಹಾ ಮಾರಿದಿರಿ.

ಶೆಟ್ಟಿ: ಮಾರಿದ್ದಲ್ಲ ಸ್ವಾಮಿ, ಉದ್ರಿ ಕೊಟ್ಟದ್ದು. ನಮ್ಮ ಅಣ್ಣನ ಕಾಲಾಚೌಕಿ ಹೋಟೆಲಿನ ಉದ್ರಿ ಪುಸ್ತಕ ಮನೆಯಲ್ಲಿದೆ, ಬಂದು ನೋಡಿ. ಒಂದು ಪೈಸೆ ವಸೂಲಾಗಿಲ್ಲ. ಅಣ್ಣ ಕೇಳಲೂ ಇಲ್ಲ.

ಪಾಟೀಲ: ಪುಸ್ತಕ ಇಟ್ಟುಕೊಂಡಿದ್ದು ಯಾಕೆ ಹಾಗಾದರೆ?

ರಾವ್: ಬಸ್ಸಿನವನ ನಂಬರ್ ಬೇಕಾದರೆ ಕೇಳಿ. ಇವನು ಬೇರೆಯವನು, ಏಸಿ ಚೆನ್ನಾಗಿದೆ ಅಂತಾನೆ.